ಬೆಸಗರಹಳ್ಳಿಯ ಬೋರ್ ಬೂದಿ

ಮದ್ದೂರು ಬಿಟ್ಟು ಬೆಸಗರಹಳ್ಳಿಯ ದಾರಿ ಹಿಡಿದಾಗ ಬೆಳಗಿನ ಎಂಟು ಗಂಟೆ. ಎರಡೂ ಕಡೆ ಕಬ್ಬು, ತೆಂಗು, ಅಲ್ಲಲ್ಲಿ ಹಿಪ್ಪುನೇರಳೆ. ಕನ್ನಡ ಓದುಗರಿಗೆ ಈ ಊರು ಗೊತ್ತಿರುವುದು ವೈದ್ಯರೂ ಕಥೆಗಾರರೂ ಆಗಿದ್ದ ಡಾ. ಬೆಸಗರಹಳ್ಳಿ ರಾಮಣ್ಣನವರಿಂದ. ಅವರು ಈ ಸೀಮೆಯ ಜನರನ್ನು ಬರೆದರು. ನಾನು ಈ ಸಲ ಬಂದದ್ದು ಆ ಜನರ ಕಾಲಡಿಯ ಕಲ್ಲನ್ನು ನೋಡಲು. ನಮ್ಮ ಕಾಲೇಜುಗಳಲ್ಲಿ ಸೊರಗಿರುವ ಭೂವಿಜ್ಞಾನದ ಪಾಠವನ್ನು ಮತ್ತೆ ಚಿಗುರಿಸುವುದಾದರೆ ಎಲ್ಲಿಂದ ಶುರುಮಾಡಬೇಕು ಎಂಬ ಯೋಚನೆ ಬಹಳ ದಿನದಿಂದ ಕಾಡುತ್ತಿತ್ತು.

ಊರಾಚೆ ಒಂದು ಹಾಸುಬಂಡೆ. ಯಾರೋ ಹುರುಳಿ ಒಣಹಾಕಿದ್ದಾರೆ. ಕಾಳು ತುಳಿಯದಂತೆ ಅಂಚಿಗೆ ಕುಕ್ಕರಗಾಲಲ್ಲಿ ಕೂತು ನೋಡಿದರೆ ಕಲ್ಲಿನ ಮೈತುಂಬ ಕಪ್ಪು ಬಿಳಿ ಗೆರೆಗಳು, ಕೆಲವು ಕಡೆ ಸೀರೆಯ ನೆರಿಗೆಯ ಹಾಗೆ ಮಡಿಚಿಕೊಂಡಿವೆ. ಇದು ನೈಸ್ ಶಿಲೆ; ಹಳೇ ಮೈಸೂರಿನ ಬಹುಪಾಲು ನೆಲ ನಿಂತಿರುವುದೇ ಇದರ ಮೇಲೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯೂ ಇದೇ ಕುಲದ್ದು, ಸುಮಾರು 300 ಕೋಟಿ ವರ್ಷ ಹಳೆಯದು. ಅದಕ್ಕೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಮಾನ್ಯತೆ ಇದೆ, ಇದರ ಮೇಲೆ ಹುರುಳಿ ಒಣಗುತ್ತದೆ. ಎರಡೂ ಸರಿಯೇ. ಇಲ್ಲಿಂದ ಪೂರ್ವಕ್ಕೆ ಚನ್ನಪಟ್ಟಣ, ರಾಮನಗರದ ಕಡೆ ಹೋದರೆ ಇನ್ನೊಂದು ಕಲ್ಲು ಎದುರಾಗುತ್ತದೆ: ಸುಮಾರು 250 ಕೋಟಿ ವರ್ಷದ ಹಿಂದೆ ಈ ನೈಸನ್ನು ಸೀಳಿಕೊಂಡು ಕರಗಿದ ರೂಪದಲ್ಲಿ ಮೇಲೆದ್ದ ಗ್ರಾನೈಟು. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆ ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ಈ ಕಲ್ಲಿನ ಹೆಸರಾಗಿ ಉಳಿದುಕೊಂಡಿದೆ.

ಬಂಡೆ ದಾಟಿದ ಮೇಲೆ ಒಂದು ಹೊಲದ ಬದುವಿನಲ್ಲಿ ಬೂದಿಯಂಥ ಪುಡಿಯ ಗುಡ್ಡೆ ಕಂಡಿತು. ಹೊಸದಾಗಿ ಬೋರ್ ಕೊರೆಸಿದ್ದಾರೆ. ಹೊಲದ ಯಜಮಾನರು ಹತ್ತಿರ ಬಂದರು.

‘ನೀರು ಬಂತಾ ಅಣ್ಣಾ?’

‘ಎಲ್ಬಂತು ಸಾ. ಕಾಯಿ ಇಟ್ಟು ಪಾಯಿಂಟ್ ಮಾಡಿದ್ರು, ಕಾಯಿ ನೆಟ್ಟಗೆ ನಿಂತ್ಕತು. ಕೊರುದ್ರೆ ಬರೀ ಧೂಳು.’

ಗುಡ್ಡೆಯನ್ನು ಕೈಯಲ್ಲಿ ಕೆದಕಿದೆ. ಅಂಚಿನಲ್ಲಿ ಕೆಂಪು ಗೊಚ್ಚು, ಆಮೇಲೆ ಬಿಳಿಬೂದು, ಒಂದು ಕಡೆ ಇದ್ದಕ್ಕಿದ್ದಂತೆ ಕಡುಗಪ್ಪು. ಮೇಲಿನ ಕೆಂಪು ಕೊಳೆತ ಕಲ್ಲಿನದು. ಮಳೆಯ ನೀರು ಇಂಗಿ ಕೂರುವುದು ಅಲ್ಲಿಯೇ. ಕೇಸಿಂಗ್ ಪೈಪು ಎಷ್ಟು ಅಡಿ ಇಳಿಯಿತೋ ಆ ಪದರ ಹೆಚ್ಚುಕಡಿಮೆ ಅಷ್ಟು ದಪ್ಪ. ಅದರ ಕೆಳಗೆ ಗಟ್ಟಿ ನೈಸು, ಅಲ್ಲಿ ನೀರಿರುವುದು ಬಿರುಕಿನಲ್ಲಿ ಮಾತ್ರ. ಕಪ್ಪು ಪುಡಿ ಬಹುಶಃ ಡೊಲೆರೈಟ್ ಡೈಕಿನದು. ಜನರ ಬಾಯಲ್ಲಿ ಅದು ಕರಿಕಲ್ಲು. ನೆಲದೊಳಗೆ ಗೋಡೆಯ ಹಾಗೆ ನಿಂತು ನೀರನ್ನು ಒಂದು ಮಗ್ಗುಲಲ್ಲಿ ತಡೆಯುವ ಕಲ್ಲು ಅದು. ಗೋಡೆಯ ಯಾವ ಮಗ್ಗುಲಲ್ಲಿ ಕೊರೆದೆವು ಎನ್ನುವುದರ ಮೇಲೆ ಒಂದು ಮನೆಯ ಸಾಲ ನಿಂತಿರುತ್ತದೆ.

ಇದನ್ನು ಓದಲು ಬರುವವರು ಈ ಸುತ್ತಿನಲ್ಲಿ ಎಷ್ಟು ಜನ ಇದ್ದಾರೆ? ಲಾರಿಯವರು ಅಡಿಗಿಷ್ಟು ಎಂದು ಲೆಕ್ಕಮಾಡಿ ಹೊರಟುಹೋಗುತ್ತಾರೆ. ನೂರಾರು ಅಡಿಯ ಕಲ್ಲಿನ ವಿವರ ಹೊಲದಲ್ಲೇ ಮಳೆಗೆ ಕರಗುತ್ತದೆ. ನನ್ನ ಹೊಟ್ಟೆ ಉರಿಯುವುದು ಇಲ್ಲಿ.

ಮೈಸೂರು ಸಂಸ್ಥಾನ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. ಕೋಲಾರದ ಚಿನ್ನ ಮೇಲೆ ಬರುತ್ತಿದ್ದ ಕಾಲದಲ್ಲಿ, 1894ರಲ್ಲಿ, ತನ್ನದೇ ಭೂವಿಜ್ಞಾನ ಇಲಾಖೆ ಕಟ್ಟಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಿಂದ ನಿವೃತ್ತರಾಗಿದ್ದ ರಾಬರ್ಟ್ ಬ್ರೂಸ್ ಫೂಟ್ ಮೊದಲ ಮುಖ್ಯಸ್ಥರು. ಆಗ ಅವರಿಗೆ ಅರವತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎಲ್. ರಾಮರಾವ್ ಅವರಂಥ ಪ್ರಾಧ್ಯಾಪಕರಿದ್ದರು. ಆ ಕಾಲೇಜಿನಲ್ಲಿ ಓದಿದ ಬಿ.ಪಿ. ರಾಧಾಕೃಷ್ಣ ಕ್ಲೋಸ್‌ಪೇಟೆ ಗ್ರಾನೈಟನ್ನು ಅಭ್ಯಾಸಮಾಡಿದರು, ಇಲಾಖೆಯ ನಿರ್ದೇಶಕರಾದರು, 1958ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘವನ್ನು ಬೆಂಗಳೂರಿನಲ್ಲಿ ಬೇರೂರಿಸಿದವರಲ್ಲಿ ಮುಖ್ಯರಾದರು. ಕನ್ನಡದಲ್ಲೂ ಬರೆದರು. ಇಲಾಖೆ ಕೆಲಸ ಕೊಟ್ಟಿತು, ಕಾಲೇಜು ಕೆಲಸಗಾರರನ್ನು ಕೊಟ್ಟಿತು, ಒಂದಕ್ಕೊಂದು ಹೆಗಲಾದವು.

ಈಗ ಆ ಕೊಂಡಿ ಸಡಿಲವಾಗಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ, ಧಾರವಾಡದಲ್ಲಿ ಸ್ನಾತಕೋತ್ತರ ವಿಭಾಗಗಳಿವೆ. ಪಿಯುಸಿಯ ವಿಷಯಪಟ್ಟಿಯಲ್ಲೂ ಭೂಗರ್ಭಶಾಸ್ತ್ರ ಇದೆ. ಆದರೆ ಹುಡುಗರಿಲ್ಲವೆಂದು ಹುದ್ದೆ ತುಂಬುವುದಿಲ್ಲ, ಪಾಠ ಹೇಳುವವರಿಲ್ಲವೆಂದು ಹುಡುಗರು ಸೇರುವುದಿಲ್ಲ. ಬ್ರಿಟನ್, ಅಮೆರಿಕಗಳಲ್ಲೂ ಈ ವಿಷಯಕ್ಕೆ ಸೇರುವವರು ಕಡಿಮೆಯಾಗಿದ್ದಾರೆ ನಿಜ. ಅದು ನಮಗೆ ಸಮಾಧಾನವಾಗಬಾರದು.

ಯಾಕೆಂದರೆ ಮಂಡ್ಯ ಜಿಲ್ಲೆಗೆ ಈ ವಿದ್ಯೆ ಇಂದು ಬೇಕು. ಶ್ರೀರಂಗಪಟ್ಟಣದ ಕಡೆಯ ಮರಳಗಾಲದಲ್ಲಿ ಪರಮಾಣು ಖನಿಜ ನಿರ್ದೇಶನಾಲಯ 1,600 ಟನ್ ಲಿಥಿಯಂ ಇರಬಹುದೆಂದು ಅಂದಾಜಿಸಿದೆ. ಅದು ಅಡಗಿರುವುದು ಪೆಗ್ಮಟೈಟ್ ಎಂಬ ಕಲ್ಲಿನಲ್ಲಿ, ನಾವು ಬಾಲ್ಯದಲ್ಲಿ ಆಯ್ದು ಜೇಬಿಗೆ ತುಂಬುತ್ತಿದ್ದ ಬೆಣಚುಕಲ್ಲು, ಕಾಗೆಬಂಗಾರಗಳ ಸಹವಾಸದಲ್ಲಿ. ಇನ್ನೊಂದು ಕಡೆ, ಬೇಬಿ ಬೆಟ್ಟದ ಕಲ್ಲುಗಣಿಯ ಸಿಡಿತದಿಂದ ಕೆಆರ್‌ಎಸ್‌ಗೆ ಧಕ್ಕೆಯೇ ಎಂಬ ಜಗಳ ಹೈಕೋರ್ಟಿನವರೆಗೆ ಹೋಯಿತು; 2024ರ ಜನವರಿಯಲ್ಲಿ ಅಣೆಕಟ್ಟೆಯ 20 ಕಿ.ಮೀ. ಸುತ್ತ ಗಣಿಗಾರಿಕೆಗೆ ತಡೆ ಬಿತ್ತು. ಇಂಥ ಪ್ರಶ್ನೆಗಳಿಗೆ ಉತ್ತರ ಹೇಳುವವರು ಹೊರಗಿನಿಂದಲೇ ಬರಬೇಕೆ? ಸರ್ವೇಕ್ಷಣೆಗೂ ಕೇಂದ್ರ ಅಂತರ್ಜಲ ಮಂಡಳಿಗೂ ಭೂವಿಜ್ಞಾನಿಗಳನ್ನು ಆರಿಸುವ ಯುಪಿಎಸ್‌ಸಿ ಪರೀಕ್ಷೆ ಪ್ರತಿ ವರ್ಷ ನಡೆಯುತ್ತದೆ. ಬರೆಯಲು ಭೂವಿಜ್ಞಾನದ ಸ್ನಾತಕೋತ್ತರ ಓದಿರಬೇಕು. ಬೆಸಗರಹಳ್ಳಿಯ ಹುಡುಗಿಗೆ ಆ ಬಾಗಿಲು ಇದೆಯೆಂದು ಹೇಳುವವರೇ ಇಲ್ಲ.

ಮಂಡ್ಯದ ಸರ್ಕಾರಿ ಕಾಲೇಜು 2019ರಲ್ಲಿ ವಿಶ್ವವಿದ್ಯಾಲಯವಾಯಿತು. 2025ರಲ್ಲಿ ಅಂಥ ಹೊಸ ವಿಶ್ವವಿದ್ಯಾಲಯಗಳನ್ನು ಹಳೆಯವುಗಳ ಜೊತೆ ಸೇರಿಸುವ ಮಾತು ಸರ್ಕಾರದಿಂದಲೇ ಬಂತು. ಹಲಗೆಯ ಮೇಲೆ ಯಾವ ಹೆಸರಿದ್ದರೂ ಸರಿ, ಇಲ್ಲೊಂದು ಭೂವಿಜ್ಞಾನದ ತರಗತಿ ಬೇಕು ಎನ್ನುವುದು ನನ್ನ ಹಟ. ಕಲ್ಲನ್ನು 0.03 ಮಿ.ಮೀ. ತೆಳುವಾಗಿ ತೇದು ನೋಡುವ ಸೂಕ್ಷ್ಮದರ್ಶಕ ದುಬಾರಿ. ಅದು ನಿಧಾನವಾಗಿ ಬರಲಿ. ಸುತ್ತಿಗೆ, ದಿಕ್ಸೂಚಿ, ಭೂಪಟ, ಒಬ್ಬ ಮೇಷ್ಟ್ರು ಮೊದಲು ಬರಲಿ. ಮೊದಲ ವರ್ಷದ ಪ್ರಾಯೋಗಿಕ ಪಾಠ ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಬೋರ್ ಪುಡಿಯನ್ನು ಅಡಿಯ ಲೆಕ್ಕದಲ್ಲಿ ಕೂಡಿಡುವುದೇ ಆಗಲಿ. ಐದು ವರ್ಷ ನಡೆದರೆ ಯಾವ ಹೊಲದ ಕೆಳಗೆ ಕರಿಕಲ್ಲಿನ ಗೋಡೆ ಹಾದಿದೆ ಎಂಬ ನಕ್ಷೆ ರೈತನ ಕೈಗೆ ಬರುತ್ತದೆ.

ಯಜಮಾನರು ತಮ್ಮ ಹಳೆಯ ತೆರೆದ ಬಾವಿಗೆ ಕರೆದೊಯ್ದರು. ನೀರಿಲ್ಲ, ಆದರೆ ಗೋಡೆ ಪಾಠದ ಚಿತ್ರದಂತಿತ್ತು: ಮೇಲೆ ಮಣ್ಣು, ಅದರಡಿ ಗರಸು, ಉಗುರಿಗೆ ಪುಡಿಯಾಗುವ ಕಲ್ಲು, ತಳದಲ್ಲಿ ಉಳಿ ತಾಗಿದ ಗುರುತಿರುವ ಗಟ್ಟಿಬಂಡೆ. ಪಿಯುಸಿ ಓದುವ ಅವರ ಮೊಮ್ಮಗಳು ಜೊತೆಗೆ ಬಗ್ಗಿ ನೋಡಿದಳು. ನಾಳೆ ಪಕ್ಕದ ಹೊಲಕ್ಕೆ ಬೋರ್ ಲಾರಿ ಬರುತ್ತದಂತೆ.

‘ಎಷ್ಟಡಿಗೊಂದ್ಸಲ ಪುಡಿ ಎತ್ತಿಡ್ಬೇಕು ಸಾರ್?’ ಎಂದು ಕೇಳಿದಳು.

ಹತ್ತಡಿಗೊಂದು ಹಿಡಿ ಸಾಕು, ಬಣ್ಣ ಬದಲಾದರೆ ತಕ್ಷಣ ಇನ್ನೊಂದು, ಕವರಿನ ಮೇಲೆ ಅಡಿ ಬರೆಯಲು ಮರೆಯಬೇಡ ಎಂದೆ. ಅವಳು ಅಂಗಡಿಗೆ ಕವರು ತರಲು ಹೊರಟಳು.