ಗಡಿನಾಡಿನ ನಾಳೆ: ತಮ್ಮ ಕಥೆ ತಾವೇ ಹೇಳಿದವರು

ಕರಾವಳಿಯ ನಮ್ಮ ಎಷ್ಟೋ ಮನೆಗಳಲ್ಲಿ ತಾಯಂದಿರು ಬೀಡಿ ಕಟ್ಟಿದ ಹಣದಿಂದ ಮಕ್ಕಳು ಓದಿ ಮುಂದೆ ಬಂದಿದ್ದಾರೆ. ಬೀಡಿ ಎಲೆ, ನೂಲು, ಕತ್ತರಿ ನಮಗೆ ಚಿರಪರಿಚಿತ. ಆದರೆ ಅದರೊಳಗಿನ ಹೊಗೆಸೊಪ್ಪಿಗಾಗಿ ದುಡಿದ ಕೈಗಳ ಬಗ್ಗೆ ನಮಗೆ ತಿಳಿದಿರುವುದು ಕಡಿಮೆ. ಬೀಡಿ ತಂಬಾಕಿಗೆ ಹೆಸರಾದ ನಿಪ್ಪಾಣಿ ಬೆಳಗಾವಿ ಜಿಲ್ಲೆಯ ಗಡಿಯಲ್ಲಿದೆ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಅದೇ ಭಾಗದ ತಾಲೂಕುಗಳು. ಕನ್ನಡ, ಮರಾಠಿ ಎರಡೂ ಬೆರೆತ ಸೀಮೆ ಇದು.

ಈ ಸೀಮೆಯ ಭವಿಷ್ಯವೆಂದರೆ ಎಲ್ಲರಿಗೂ ನೆನಪಾಗುವುದು ಗಡಿ ವಿವಾದ. 1967ರ ಮಹಾಜನ ವರದಿ, 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋದದ್ದು, ಇವೇ ಮಾತು. ಊರು ಯಾವ ರಾಜ್ಯಕ್ಕೆ ಸೇರಬೇಕೆಂದು ವಾದಿಸುವವರು ಬಹಳ. ಊರಿನವರ ಬದುಕು ಹೇಗಿರಬೇಕೆಂದು ಕೇಳಿದವರು ಕಡಿಮೆ. ಅದನ್ನು ಅಲ್ಲಿಯ ಹೆಂಗಸರೇ ಕೇಳಿದರು.

1980ರ ಸುಮಾರಿಗೆ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಮಹಿಳೆಯರು ಸಂಘಟಿತರಾದರು. ಮೂಗಿಗೆ ಅಡರುವ ಧೂಳು, ಅತ್ಯಲ್ಪ ಕೂಲಿ, ಹೇಳಿದಷ್ಟು ಹೊತ್ತು ದುಡಿಮೆ. ಆಗ ಅಲ್ಲಿಗೆ ಬಂದವರು ದೀಪಾ ಧನರಾಜ್, ಆಭಾ ಭಯ್ಯಾ, ಮೀರಾ ರಾವ್, ನವ್ರೋಜ್ ಕಾಂಟ್ರಾಕ್ಟರ್ ಇವರ ‘ಯುಗಾಂತರ್’ ಚಿತ್ರತಂಡ. ಕ್ಯಾಮೆರಾ ಹಿಡಿದು ಎರಡು ದಿನದಲ್ಲಿ ಹಿಂತಿರುಗುವ ತಂಡ ಅದಾಗಿರಲಿಲ್ಲ. ಮಹಿಳೆಯರ ಜೊತೆ ಕುಳಿತು, ಅವರ ಮಾತು ಕೇಳಿ, ಏನನ್ನು ಹೇಗೆ ಚಿತ್ರಿಸಬೇಕೆಂದು ಅವರೊಡನೆಯೇ ಚರ್ಚಿಸಿತು. ನಡೆದುಹೋದ ಘಟನೆಗಳನ್ನು ಕಾರ್ಮಿಕರೇ ಮತ್ತೆ ಅಭಿನಯಿಸಿ ತೋರಿಸಿದರು. ಸುಮಾರು 3000 ಮಹಿಳೆಯರ ಬೆಂಬಲದಿಂದ 1982ರಲ್ಲಿ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಕಿರುಚಿತ್ರ ಸಿದ್ಧವಾಯಿತು. ತಾನು ಪಟ್ಟ ಕಷ್ಟವನ್ನು ತಾನೇ ಅಭಿನಯಿಸುವವಳು ಅದನ್ನು ಹಣೆಬರಹವೆಂದು ನೋಡುವುದಿಲ್ಲ, ಯಾರೋ ಮಾಡಿದ್ದೆಂದು ನೋಡುತ್ತಾಳೆ. ಈ ಚಿತ್ರದ ಬಲ ಅಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ಇದನ್ನು ಮತ್ತೆ ಡಿಜಿಟಲ್ ರೂಪಕ್ಕೆ ತಂದದ್ದು ದೂರದ ಬರ್ಲಿನ್‌ನ ಅರ್ಸೆನಾಲ್ ಸಂಸ್ಥೆ. ಯುರೋಪಿನವರು ನಿಪ್ಪಾಣಿಯ ಕಥೆಯನ್ನು ಜೋಪಾನ ಮಾಡಿದರು. ಕನ್ನಡಿಗರಲ್ಲಿ ಅದನ್ನು ನೋಡಿದವರೆಷ್ಟು?

ಚಿಕ್ಕೋಡಿ ತಾಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿ ಅವರನ್ನು ಏಳನೆಯ ವಯಸ್ಸಿನಲ್ಲಿ ದೇವದಾಸಿಯಾಗಿ ಬಿಡಲಾಗಿತ್ತು. ಈ ಪದ್ಧತಿಯನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ 1982ರಲ್ಲಿ ತಂದರೂ ಕಾಯ್ದೆಯ ಕಾಗದ ಹಳ್ಳಿಯ ಮನೆಯೊಳಗೆ ಹೋಗಲಿಲ್ಲ. ಅಲ್ಲಿ ಯಲ್ಲಮ್ಮನ ಕಥೆಯನ್ನು ಚೌಡಿಕೆ ಬಾರಿಸಿ ಹಾಡುತ್ತಿದ್ದರು. ಹುಡುಗಿಯನ್ನು ದೇವಿಗೆ ಬಿಡುವುದು ಸರಿಯೆಂದು ಜನ ನಂಬಿದ್ದು ಇಂಥ ಕಥೆಗಳ ನೆರಳಿನಲ್ಲಿ. ಅದಕ್ಕೆ ಎದುರು ನಿಲ್ಲಬೇಕಾದದ್ದೂ ಇನ್ನೊಂದು ಕಥೆಯೇ: ಬಿಡಲ್ಪಟ್ಟವಳ ಸ್ವಂತ ಕಥೆ. 1997ರಲ್ಲಿ ಘಟಪ್ರಭಾದಲ್ಲಿ ಆರಂಭವಾದ ‘ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ’ಯಲ್ಲಿ ಮಾಜಿ ದೇವದಾಸಿಯರೇ ಮುಂದೆ ನಿಂತು ಹಳ್ಳಿಗಳಲ್ಲಿ ಮಾತನಾಡಿದರು. ಸೀತವ್ವ ಅದರ ಮುಖ್ಯಸ್ಥೆಯಾದರು. 2018ರಲ್ಲಿ ಪದ್ಮಶ್ರೀ ಬಂತು.

ಅಥಣಿ ಭಾಗದ ಚಪ್ಪಲಿ ಕುಶಲಕರ್ಮಿಗಳ ಕಥೆಯೂ ಇದಕ್ಕೆ ಹತ್ತಿರದ್ದು. ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತು ಎರಡೂ ರಾಜ್ಯಗಳ ತಲಾ ನಾಲ್ಕು ಜಿಲ್ಲೆಗಳಿಗೆ ಸೇರಿದೆ. ಗಡಿ ವಿವಾದಕ್ಕೆ ಸಿಗದ ಉತ್ತರ ಚಪ್ಪಲಿಗೆ ಸಿಕ್ಕಿತು! 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪೆನಿ ಅಂಥದೇ ಪಾದರಕ್ಷೆಯನ್ನು ಮೂಲ ಹೇಳದೆ ಮಿಲಾನ್‌ನಲ್ಲಿ ಪ್ರದರ್ಶಿಸಿದಾಗ ಜನ ಗದ್ದಲವೆಬ್ಬಿಸಿದರು. ಆಮೇಲೆ ಕಂಪೆನಿ ಮೂಲವನ್ನು ಒಪ್ಪಿಕೊಂಡಿತು.

2020ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶಕ್ಕೆ ದಿವಂಗತ ಪೋಪ್ ಫ್ರಾನ್ಸಿಸ್ ಅವರು ಆರಿಸಿಕೊಂಡ ವಿಷಯ ಕಥೆ ಹೇಳುವುದೇ ಆಗಿತ್ತು. ಮಕ್ಕಳು ಮೊಮ್ಮಕ್ಕಳಿಗೆ ಹೇಳಬೇಕೆಂಬ ವಿಮೋಚನಾಕಾಂಡದ ವಚನ (10:2) ಅದಕ್ಕೆ ಆಧಾರ. ನಮ್ಮ ಧರ್ಮಕೇಂದ್ರಗಳಲ್ಲಿ ಬೀಡಿ ಕಟ್ಟಿದ ಅಜ್ಜಿಯಂದಿರು ಇನ್ನೂ ಇದ್ದಾರೆ. ವಾಳೆಯ ಸಭೆಯಲ್ಲಿ ಒಂದು ಸಂಜೆ ಅವರನ್ನು ಮಾತನಾಡಿಸಿ, ಮೊಬೈಲಿನಲ್ಲಿ ಧ್ವನಿಮುದ್ರಿಸಲು ಯುವಜನರಿಗೆ ಹೇಳಬಹುದು.