ಎಲೆಯ ಅಚ್ಚು, ಸೂಜಿಯ ಕುಸುರಿ

ಮಾನವನ ಉಡುಗೆಗೆ ಸಸ್ಯಲೋಕವು ನೀಡಿರುವ ಕೊಡುಗೆ ಹಿರಿದಾದುದು. ಹತ್ತಿಯು ನೂಲನ್ನು ನೀಡಿತು. ನೀಲಿ, ಮಂಜಿಷ್ಠ, ದಾಳಿಂಬೆಗಳು ಬಣ್ಣವನ್ನು ನೀಡಿದವು. ಬಳ್ಳಿ, ಹೂವು, ಮಾವಿನಕಾಯಿಗಳು ಸೀರೆಯ ಅಂಚು ಸೆರಗುಗಳಲ್ಲಿ ಚಿತ್ತಾರಗಳಾದವು. ಇವುಗಳ ಸಾಲಿಗೆ ಸೇರುವ ಮತ್ತೊಂದು ಕಲೆಯಿದೆ. ಅದರಲ್ಲಿ ಎಲೆಯೇ ತನ್ನ ರೂಪವನ್ನು ಬಟ್ಟೆಯ ಮೇಲೆ ಅಚ್ಚೊತ್ತುತ್ತದೆ. ಆ ಅಚ್ಚನ್ನು ಸೂಜಿ ದಾರಗಳು ಅಲಂಕರಿಸುತ್ತವೆ.

ಸಸ್ಯದಿಂದಲೇ ಅಚ್ಚು ತೆಗೆಯುವ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. 1862ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯವು ಹುನ್ಜಿಕರ್ ಎಂಬವರ ಗ್ರಂಥವೊಂದನ್ನು ಹೊರತಂದಿತು. ದಕ್ಷಿಣ ಭಾರತದ ಸಸ್ಯಗಳ ನೇರ ಅಚ್ಚುಗಳು ಅದರಲ್ಲಿದ್ದವು. ಅಲ್ಲಿ ಕಾಗದವು ಮಾಡಿದ ಕೆಲಸವನ್ನು ಇಲ್ಲಿ ಬಟ್ಟೆಯು ಮಾಡುತ್ತದೆ.

ಈ ಕಲೆಗೆ ಬೇಕಾದ ಸಾಮಗ್ರಿಗಳು ಬೆಂಗಳೂರಿನ ದಂಡು ಪ್ರದೇಶದಲ್ಲಿಯೂ ಅದರ ಪೂರ್ವದ ಬಡಾವಣೆಗಳಲ್ಲಿಯೂ ಸುಲಭವಾಗಿ ದೊರೆಯುತ್ತವೆ. ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಚೆಂಡುಹೂವು ಸಿಗುತ್ತದೆ; ಕಮರ್ಷಿಯಲ್ ಬೀದಿಯಲ್ಲಿ ಬಟ್ಟೆ, ದಾರಗಳ ಅಂಗಡಿಗಳಿವೆ. ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳ ಮನೆಯಂಗಳದ ಸೀಬೆ, ದಾಳಿಂಬೆ ಗಿಡಗಳ ಎಲೆಗಳು ಈ ಕೆಲಸಕ್ಕೆ ಯೋಗ್ಯವಾದವು. ತೇಗದ ಎಳೆಯ ಎಲೆಯು ಕೆನ್ನೇರಳೆ ಬಣ್ಣವನ್ನು ಬಿಡುತ್ತದೆ. ನೀಲಗಿರಿ ಎಲೆಯು ರೇಷ್ಮೆಯ ಮೇಲೆ ಕಿತ್ತಳೆ ಛಾಯೆಯನ್ನು ಮೂಡಿಸುತ್ತದೆ.

ಅಚ್ಚು ತೆಗೆಯುವ ಕ್ರಮ ಹೀಗಿದೆ: ಮೊದಲು ಬಟ್ಟೆಯನ್ನು ಗಂಜಿ ಹೋಗುವಂತೆ ಒಗೆಯಬೇಕು. ಹತ್ತಿ ಬಟ್ಟೆಯಾದರೆ ಅಳಲೆಕಾಯಿ ಪುಡಿಯ ನೀರಿನಲ್ಲಿ ನೆನೆಸಿ ಒಣಗಿಸಿ, ಬಳಿಕ ಪಟಿಕದ ನೀರಿನಲ್ಲಿ ಅದ್ದಬೇಕು. ಅನ್ನಭೇದಿಯ ತೆಳು ದ್ರಾವಣದಲ್ಲಿ ಅದ್ದಿದ ಎಲೆಗಳನ್ನು, ನರಗಳು ಎದ್ದು ಕಾಣುವ ಬೆನ್ನಿನ ಭಾಗವು ಬಟ್ಟೆಗೆ ತಾಗುವಂತೆ ಹರಡಬೇಕು. ಅನಂತರ ಬಟ್ಟೆಯನ್ನು ಕೋಲಿಗೆ ಬಿಗಿಯಾಗಿ ಸುತ್ತಿ, ಹುರಿಯಿಂದ ಕಟ್ಟಿ, ಒಂದೆರಡು ಗಂಟೆಗಳ ಕಾಲ ಹಬೆಯಲ್ಲಿ ಬೇಯಿಸಬೇಕು. ಆರಿದ ಮೇಲೆ ಬಿಚ್ಚಿ ನೆರಳಿನಲ್ಲಿ ಒಣಗಿಸಬೇಕು.

ಎಲೆಯಲ್ಲಿರುವ ಒಗರು ಪದಾರ್ಥವು ಕಬ್ಬಿಣದ ಅಂಶದೊಡನೆ ಸೇರಿದಾಗ ಬೂದುಗಪ್ಪು ಬಣ್ಣ ಉಂಟಾಗುತ್ತದೆ. ಹಿಂದಿನ ಕಾಲದ ಮಸಿಯನ್ನು ತಯಾರಿಸುತ್ತಿದ್ದುದೂ ಇದೇ ತತ್ತ್ವದಿಂದಲೇ. ಅನ್ನಭೇದಿ ಹೆಚ್ಚಾದರೆ ಹತ್ತಿಯ ಎಳೆಗಳು ಕ್ರಮೇಣ ಶಿಥಿಲವಾಗುತ್ತವೆ. ಆದ್ದರಿಂದ ಮಿತವರಿತು ಬಳಸಬೇಕು. ಹಸಿ ಎಲೆಯನ್ನು ಬಟ್ಟೆಯ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಕುಟ್ಟಿಯೂ ಅಚ್ಚು ತೆಗೆಯಬಹುದು. ಆದರೆ ಎಲೆಹಸಿರು ಬೆಳಕಿಗೆ ನಿಲ್ಲದು. ಆ ಹಸಿರು ಕೆಲಕಾಲದಲ್ಲಿಯೇ ಮಾಸುತ್ತದೆ.

ಮಾಸುವ ಅಚ್ಚನ್ನು ಉಳಿಸಿಕೊಡುವುದೇ ಕಸೂತಿಯ ಕೆಲಸ. ಅಂಚಿಗೆ ಸರಪಳಿ ಹೊಲಿಗೆ, ನರಗಳಿಗೆ ತೆಳುವಾದ ಒಂಟಿ ಎಳೆಯ ಹೊಲಿಗೆ, ಹೂವಿನ ನಡುವೆ ಗಂಟು ಹೊಲಿಗೆ ಒಪ್ಪುತ್ತವೆ. ಬಣ್ಣ ತಿಳಿಯಾದರೂ ದಾರವು ಎಲೆಯ ಆಕಾರವನ್ನು ಕಾಪಾಡುತ್ತದೆ. 2006ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಧಾರವಾಡ ಕಡೆಯ ಕಸೂತಿಯಲ್ಲಿ ಬಟ್ಟೆಯ ಎಳೆಗಳನ್ನು ಎಣಿಸಿ ತುಳಸಿಕಟ್ಟೆ, ಕಮಲ ಮೊದಲಾದುವನ್ನು ಮೂಡಿಸುತ್ತಾರೆ. ಎಲೆಯ ಅಚ್ಚಿನಲ್ಲಾದರೋ ಎಣಿಕೆಗೆ ಎಡೆಯಿಲ್ಲ. ಎಲೆಯ ಗೆರೆಯೇ ಸೂಜಿಗೆ ದಾರಿ ತೋರುತ್ತದೆ.

ಶಿವಾಜಿನಗರದ ಸುತ್ತಮುತ್ತ ಮರದ ಚೌಕಟ್ಟಿಗೆ ಬಟ್ಟೆಯನ್ನು ಬಿಗಿದು, ಕೊಕ್ಕೆಯುಳ್ಳ ಆರಿ ಸೂಜಿಯಿಂದ ಜರಿ ಕೆಲಸ ಮಾಡುವ ಕುಶಲಿಗಳಿದ್ದಾರೆ. ಯಂತ್ರದ ಕಸೂತಿಯು ಅಗ್ಗವಾಗಿ ದೊರೆಯುವ ಈ ಕಾಲದಲ್ಲಿ ಇಂತಹ ಕೈಕಸುಬಿಗೆ ಕಷ್ಟ ಒದಗಿದೆ. ಯಂತ್ರವು ಒಂದೇ ಮಾದರಿಯನ್ನು ಸಾವಿರ ಬಾರಿ ಹೊಲಿಯಬಲ್ಲದು. ಆದರೆ ಒಂದೇ ಮರದ ಎರಡು ಎಲೆಗಳು ಒಂದೇ ಬಗೆಯ ಅಚ್ಚನ್ನು ಕೊಡುವುದಿಲ್ಲ. ಪ್ರತಿಯೊಂದು ಅಚ್ಚನ್ನೂ ಹೊಸದಾಗಿ ನೋಡಿ, ಅದಕ್ಕೆ ತಕ್ಕಂತೆ ಹೊಲಿಯುವ ಕಣ್ಣು ಕೈಗಳು ಬೇಕು. ಕುಶಲಕರ್ಮಿಯ ಶ್ರಮಕ್ಕೆ ಇಲ್ಲಿ ನಿಜವಾದ ಬೆಲೆಯುಂಟು.

2011ರಲ್ಲಿ ಆರಂಭವಾದ ಬೈಯಪ್ಪನಹಳ್ಳಿಯ ಮೆಟ್ರೋ ಮಾರ್ಗಕ್ಕಾಗಿ ಮಹಾತ್ಮ ಗಾಂಧಿ ರಸ್ತೆಯ ಮರಗಳು ಉರುಳಿದವು. ಬೆಳೆಯುವ ನಗರದಲ್ಲಿ ಎಲೆಯೂ ಅಮೂಲ್ಯವೇ. ಈ ಕಲೆಗೆ ಮರವನ್ನು ಕಡಿಯಬೇಕಾಗಿಲ್ಲ. ಉದುರಿದ ಎಲೆ, ಸವರಿದ ರೆಂಬೆಗಳೇ ಸಾಕು. ಮರ ಉಳಿದರೆ ಅಚ್ಚು ಉಳಿಯುತ್ತದೆ. ಅಚ್ಚು ಉಳಿದರೆ ಕುಶಲಕರ್ಮಿಯ ಕೈಗೆ ಕೆಲಸ ಉಳಿಯುತ್ತದೆ.