ಸ್ನಾಯುರೋಗದವರ ಸಾಧನೆಯನ್ನು ಗುರುತಿಸೋಣ



‘ಕೈ ಕೆಸರಾದರೆ ಬಾಯಿ ಮೊಸರು’ ಎಂಬುದು ನಮ್ಮ ಹಳ್ಳಿಗಳ ಗಾದೆ. ಮೈಮುರಿದು ದುಡಿಯುವವನಿಗೆ ನಮ್ಮಲ್ಲಿ ಮಾನ ಉಂಟು, ಅದು ಸರಿಯೇ. ಆದರೆ ನೇಗಿಲು ಹಿಡಿಯಲಾರದ, ಹೊರೆ ಹೊರಲಾರದ ಮಗನೋ ಮಗಳೋ ಮನೆಯಲ್ಲಿದ್ದರೆ ‘ಪಾಪ, ಇವರಿಂದೇನಾದೀತು’ ಎಂದು ಮೂಲೆಯಲ್ಲಿ ಕೂರಿಸುವ ರೂಢಿಯೂ ಇದೇ ಲೆಕ್ಕಾಚಾರದಿಂದ ಬಂದದ್ದು. ಇದರಿಂದ ಮನೆಗೂ ಊರಿಗೂ ಆಗುವ ನಷ್ಟ ಸಣ್ಣದಲ್ಲ. ನರ ಮತ್ತು ಸ್ನಾಯುಗಳ ಕಾಯಿಲೆಯುಳ್ಳ ವಯಸ್ಕರು ಏನೇನು ಸಾಧಿಸಿದ್ದಾರೆ, ಆ ಸಾಧನೆಯನ್ನು ನಾವು ಹೇಗೆ ಗುರುತಿಸಬೇಕು ಎಂಬುದನ್ನು ಇಲ್ಲಿ ವಿವರಿಸಿದೆ.

ಈ ಕಾಯಿಲೆ ಎಂದರೇನು?

ಕೆರೆಯ ನೀರು ತೂಬಿನಿಂದ ಕಾಲುವೆಗೆ, ಕಾಲುವೆಯಿಂದ ಮಡೆಗೆ, ಮಡೆಯಿಂದ ಗದ್ದೆಗೆ ಹರಿಯುತ್ತದೆ. ನಮ್ಮ ಶರೀರದಲ್ಲಿಯೂ ಹಾಗೆಯೇ. ಮಿದುಳಿನ ಆಜ್ಞೆ ಬೆನ್ನುಹುರಿಯ ನರಕೋಶಗಳಿಗೆ ಬಂದು, ಅಲ್ಲಿಂದ ನರದ ಮೂಲಕ ಸಾಗಿ, ನರವೂ ಸ್ನಾಯುವೂ ಕೂಡುವ ಸಂಧಿಯನ್ನು ದಾಟಿ ಸ್ನಾಯುವನ್ನು ಮುಟ್ಟುತ್ತದೆ. ಆಗ ಕೈಕಾಲು ಆಡುತ್ತದೆ. ಈ ದಾರಿಯಲ್ಲಿ ಎಲ್ಲಿ ಕೆಟ್ಟರೂ ಕೈಕಾಲು ಸೋಲುತ್ತದೆ. ನರಕೋಶಗಳೇ ನಶಿಸುವುದು ಒಂದು ಬಗೆ. ಸಂಧಿಯಲ್ಲಿ ತಡೆಯಾಗುವ ‘ಮಯಸ್ತೇನಿಯಾ ಗ್ರೇವಿಸ್’ ಇನ್ನೊಂದು. ಗದ್ದೆಯ ಮಣ್ಣೇ ಕೆಟ್ಟಂತೆ ಸ್ನಾಯುವೇ ಕ್ಷಯಿಸುವ ‘ಮಸ್ಕ್ಯುಲರ್ ಡಿಸ್ಟ್ರೊಫಿ’ ಮತ್ತೊಂದು.

ಇವು ಅಂಟುರೋಗಗಳಲ್ಲ. ಮಾಟಮಂತ್ರದಿಂದಾಗಲಿ ಶಾಪದಿಂದಾಗಲಿ ಬಂದವೂ ಅಲ್ಲ. ಹಲವು ಬಗೆಗಳು ವಂಶವಾಹಿಯ ದೋಷದಿಂದ ಬರುತ್ತವೆ. ಅವುಗಳಲ್ಲಿ ಕೆಲವು ಸೋದರಮಾವ, ಸೋದರತ್ತೆಯ ಮಗ ಮುಂತಾದ ಹತ್ತಿರದ ನೆಂಟಸ್ತಿಕೆಯ ಮದುವೆಯಿಂದ ಹೆಚ್ಚುತ್ತವೆ. ಗಂಡುಮಕ್ಕಳನ್ನು ಹೆಚ್ಚಾಗಿ ಬಾಧಿಸುವ ಡುಷೆನ್ ಬಗೆಯಲ್ಲಿ ಮೂರರಿಂದ ಐದನೆಯ ವಯಸ್ಸಿನಲ್ಲಿ ಮಗು ಪದೇ ಪದೇ ಬೀಳುತ್ತದೆ, ಮೀನಖಂಡ ದಪ್ಪವಾಗಿ ಕಾಣುತ್ತದೆ, ನೆಲದಿಂದ ಏಳುವಾಗ ತೊಡೆಯ ಮೇಲೆ ಕೈಯೂರುತ್ತದೆ. ಇಂಥ ಗುರುತು ಕಂಡರೆ ನಾಟಿವೈದ್ಯಕ್ಕೂ ಹರಕೆಗೂ ಹೊಲ ಮಾರಿ ಹಣ ಕಳೆಯದೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂಥ ರೋಗಗಳನ್ನು ಪರೀಕ್ಷಿಸುವ ತಜ್ಞರಿದ್ದಾರೆ. ಪೂರ್ತಿ ವಾಸಿಯಾಗದ ಬಗೆಗಳೂ ಉಂಟು. ಆದರೆ ಔಷಧ, ಅಂಗಸಾಧನೆ ಮತ್ತು ಉಸಿರಾಟದ ಯಂತ್ರದ ನೆರವಿನಿಂದ ಹಿಂದೆ ಹದಿಹರೆಯದಲ್ಲೇ ತೀರಿಹೋಗುತ್ತಿದ್ದ ಡುಷೆನ್ ರೋಗಿಗಳಲ್ಲಿ ಅನೇಕರು ಈಗ ಮೂವತ್ತರ ಆಸುಪಾಸಿನವರೆಗೂ, ಅದಕ್ಕೂ ಮೀರಿಯೂ ಬಾಳುತ್ತಿದ್ದಾರೆ. ಆದ್ದರಿಂದ ‘ಇವನು ದೊಡ್ಡವನಾಗಿ ಏನು ಮಾಡುತ್ತಾನೆ?’ ಎಂಬ ಪ್ರಶ್ನೆಯನ್ನು ಈಗ ಪ್ರತಿಯೊಂದು ಮನೆಯೂ ಕೇಳಿಕೊಳ್ಳಲೇಬೇಕಾಗಿದೆ.

ಕನಿಕರವೋ, ಗೌರವವೋ?

ಈ ಪ್ರಶ್ನೆ ಅಮೆರಿಕ ದೇಶದಲ್ಲಿ ದೊಡ್ಡ ವಾದಕ್ಕೆ ಕಾರಣವಾಯಿತು. ಅಲ್ಲಿ ಸ್ನಾಯುರೋಗಿಗಳಿಗಾಗಿ 1950ರಲ್ಲಿ ಒಂದು ಸಂಘ ಹುಟ್ಟಿತು. 1966ರಿಂದ 2010ರವರೆಗೆ ಪ್ರತಿ ವರ್ಷ ಸೆಪ್ಟೆಂಬರ್ ತಿಂಗಳ ಸುಮಾರಿಗೆ ಹಾಸ್ಯನಟ ಜೆರಿ ಲೂಯಿಸ್ ಅವರು ಟೆಲಿವಿಷನ್‌ನಲ್ಲಿ ದೀರ್ಘ ಕಾರ್ಯಕ್ರಮ ನಡೆಸಿ ಸಂಘಕ್ಕೆ ಹಣ ಕೂಡಿಸಿದರು. ಹಣವೇನೋ ಹೇರಳವಾಗಿ ಬಂತು. ಸಂಶೋಧನೆಗೂ ಚಿಕಿತ್ಸೆಗೂ ಉಪಯೋಗವಾಯಿತು. ಆದರೆ ಅದರಲ್ಲಿ ಎದ್ದು ಕಾಣುತ್ತಿದ್ದುದು ರೋಗಪೀಡಿತ ಮಕ್ಕಳ ಮುಖ ಮತ್ತು ನೋಡುವವರ ಕಣ್ಣೀರು. ಬೆಳೆದು ದೊಡ್ಡವರಾಗಿ ದುಡಿಯುತ್ತಿದ್ದವರು ಅಲ್ಲಿ ಅಷ್ಟಾಗಿ ಕಾಣುತ್ತಿರಲಿಲ್ಲ.

ಇದನ್ನು ಪ್ರಶ್ನಿಸಿದವರು ಇವಾನ್ ಕೆಂಪ್ ಎಂಬ ವಕೀಲರು. ಅವರಿಗೇ ಸ್ನಾಯುದೌರ್ಬಲ್ಯದ ರೋಗವಿತ್ತು, ಗಾಲಿಕುರ್ಚಿಯಲ್ಲಿ ಓಡಾಡುತ್ತಿದ್ದರು. 1981ರಲ್ಲಿ ಅವರು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಲೇಖನ ಬರೆದು, ಕನಿಕರ ಹುಟ್ಟಿಸಿ ಹಣ ಕೇಳುವುದರಿಂದ ಅಂಗವಿಕಲರನ್ನು ಕೆಲಸಕ್ಕೆ ಬಾರದವರೆಂದು ಜನ ತಿಳಿಯುತ್ತಾರೆ ಎಂದು ವಾದಿಸಿದರು. ಅವರ ವಾದದ ತಿರುಳು ನಮಗೂ ಅನ್ವಯಿಸುತ್ತದೆ. ಪಾಪ ಎಂದು ಭಿಕ್ಷೆ ಹಾಕಿದವನೇ ಮಾರನೆಯ ದಿನ ಅದೇ ಮನುಷ್ಯನಿಗೆ ಉದ್ಯೋಗ ಕೊಡಲು ಹಿಂದೆಗೆಯುತ್ತಾನೆ. 1990ರ ಜುಲೈ 26ರಂದು ಅಮೆರಿಕದ ಅಧ್ಯಕ್ಷರು ಅಂಗವಿಕಲರ ಹಕ್ಕಿನ ಕಾನೂನಿಗೆ ಸಹಿ ಹಾಕಿದಾಗ ಕೆಂಪ್ ಅವರು ಅದೇ ವೇದಿಕೆಯಲ್ಲಿ ಅವರ ಪಕ್ಕದಲ್ಲಿದ್ದರು. ಆ ವರ್ಷವೇ ದೇಶದ ಸಮಾನ ಉದ್ಯೋಗಾವಕಾಶ ಆಯೋಗದ ಅಧ್ಯಕ್ಷರೂ ಆದರು.

ಹ್ಯಾರಿಯೆಟ್ ಮೆಕ್‌ಬ್ರೈಡ್ ಜಾನ್ಸನ್ ಎಂಬ ಮಹಿಳೆಯದೂ ಇಂಥದೇ ಕಥೆ. 1957ರಲ್ಲಿ ಹುಟ್ಟಿದ ಅವರು ತಾವು ಬಹುಕಾಲ ಬದುಕುವುದಿಲ್ಲವೆಂದೇ ಬಾಲ್ಯದಲ್ಲಿ ನಂಬಿದ್ದರು. ಆದರೆ ವಕೀಲಿ ಓದಿ, ಬಡವರ ಮತ್ತು ಅಂಗವಿಕಲರ ಪರವಾಗಿ ವಾದಿಸಿ, ಪುಸ್ತಕ ಬರೆದು, 2008ರವರೆಗೆ ಬಾಳಿದರು. ಆ ಟೆಲಿವಿಷನ್ ಕಾರ್ಯಕ್ರಮದ ವಿರುದ್ಧ ತಮ್ಮ ಊರಿನ ಬೀದಿಯಲ್ಲಿ ವರ್ಷ ವರ್ಷವೂ ಪ್ರತಿಭಟಿಸಿದರು. ಕಾಲಕ್ರಮದಲ್ಲಿ ಸಂಘವೂ ಬದಲಾಯಿತು. 1990ರ ದಶಕದಲ್ಲಿ, ಸ್ನಾಯುರೋಗವುಳ್ಳ ವಯಸ್ಕರ ವೈಯಕ್ತಿಕ ಸಾಧನೆಗೆಂದೇ ಪ್ರಶಸ್ತಿಯನ್ನು ಆರಂಭಿಸಿತು.

ಇಂಗ್ಲೆಂಡಿನ ಸ್ಟೀಫನ್ ಹಾಕಿಂಗ್ ಅವರ ಹೆಸರನ್ನು ಶಾಲೆಯ ಮಕ್ಕಳೂ ಬಲ್ಲರು. 1963ರಲ್ಲಿ, 21ರ ಪ್ರಾಯದಲ್ಲಿ, ನರಕೋಶ ನಶಿಸುವ ರೋಗ ಕಂಡು ವೈದ್ಯರು ಸುಮಾರು ಎರಡು ವರ್ಷದ ಆಯುಷ್ಯ ಹೇಳಿದರು. ಅವರು 2018ರವರೆಗೆ ಬದುಕಿದರು. ಹಿಂದೆ ನ್ಯೂಟನ್ ಕುಳಿತಿದ್ದ ಪ್ರಾಧ್ಯಾಪಕ ಪೀಠದಲ್ಲಿ 1979ರಿಂದ 2009ರವರೆಗೆ ಇದ್ದರು. 1985ರಲ್ಲಿ ಮಾತು ನಿಂತ ಮೇಲೆ ಕಂಪ್ಯೂಟರಿನ ಧ್ವನಿಯಿಂದ ಉಪನ್ಯಾಸ ಮಾಡಿದರು. ಎಲ್ಲರೂ ಹಾಕಿಂಗ್ ಆಗಬೇಕೆಂದು ಹೇಳುತ್ತಿಲ್ಲ. ಸ್ನಾಯು ಸೋತರೂ ಬುದ್ಧಿ ಸೋಲಬೇಕಾಗಿಲ್ಲ ಎಂಬುದಷ್ಟೇ ಇದರಿಂದ ತಿಳಿಯತಕ್ಕ ಅಂಶ.

ನಮ್ಮ ಕಾನೂನು ಏನು ಹೇಳುತ್ತದೆ?

ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದು ಹೆಸರಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಮಸ್ಕ್ಯುಲರ್ ಡಿಸ್ಟ್ರೊಫಿಯೂ ಒಂದು. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿದ್ದು ಪ್ರಮಾಣಪತ್ರ ಪಡೆದವರಿಗೆ ಸರ್ಕಾರಿ ಹುದ್ದೆಗಳಲ್ಲಿ ಒಟ್ಟು ಶೇಕಡಾ 4, ಉನ್ನತ ಶಿಕ್ಷಣದಲ್ಲಿ ಶೇಕಡಾ 5 ಮೀಸಲಾತಿ ಉಂಟು. ವ್ಯವಸಾಯದ ಜಮೀನು ಮತ್ತು ವಸತಿ ಹಂಚಿಕೆಯ ಯೋಜನೆಗಳಲ್ಲಿಯೂ ಶೇಕಡಾ 5 ಮೀಸಲು. ಅದರಲ್ಲಿ ಹೆಣ್ಣುಮಕ್ಕಳಿಗೆ ಆದ್ಯತೆ. ಪ್ರಮಾಣಪತ್ರಕ್ಕೆ ಏನು ಮಾಡಬೇಕೆಂಬುದನ್ನು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಂದ ಕೇಳಿ ತಿಳಿಯಬಹುದು.

ಊರಿನವರು ಮಾಡಬೇಕಾದದ್ದು

1. ಕಷ್ಟ ಸಹಿಸಿದ್ದಕ್ಕಲ್ಲ, ಮಾಡಿದ ಕೆಲಸಕ್ಕೆ ಮೆಚ್ಚುಗೆ ಸಲ್ಲಲಿ. ಲೆಕ್ಕ ಚೊಕ್ಕವಾಗಿ ಬರೆದವನನ್ನು ‘ಲೆಕ್ಕ ಚೊಕ್ಕವಾಗಿದೆ’ ಎಂದೇ ಹೊಗಳಿರಿ. ‘ಪಾಪ, ಈ ಸ್ಥಿತಿಯಲ್ಲೂ’ ಎನ್ನಬೇಡಿರಿ.

2. ಹೊಣೆ ಕೊಡಿರಿ. ಹಾಲಿನ ಡೇರಿಯ ಲೆಕ್ಕ, ಸ್ವಸಹಾಯ ಸಂಘದ ದಾಖಲೆ, ಮಾರುಕಟ್ಟೆಯ ಧಾರಣೆ ವಿಚಾರಿಸುವುದು, ಮಕ್ಕಳಿಗೆ ಪಾಠ ಹೇಳುವುದು, ಹೊಲಿಗೆ, ಮೊಬೈಲ್ ದುರಸ್ತಿ—ಯಾರ ಶಕ್ತಿಗೆ ಯಾವುದು ಒಗ್ಗುತ್ತದೆಯೋ ಅದನ್ನು ಅವರನ್ನೇ ಕೇಳಿ ಒಪ್ಪಿಸಿರಿ.

3. ಕೆಲಸಕ್ಕೆ ತಕ್ಕ ಸಂಬಳ ಕೊಡಿರಿ. ಮನೆಯವರಾದರೂ ಅವರ ಪಾಲನ್ನು ಅವರ ಕೈಗೇ ಕೊಡುವುದು ಒಳ್ಳೆಯದು.

4. ದಾರಿ ಮಾಡಿರಿ. ಶಾಲೆ, ಪಂಚಾಯಿತಿ ಕಚೇರಿ, ಡೇರಿಗಳಿಗೆ ಇಳಿಜಾರು ಹಾದಿ ಇರಲಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಕೊಟ್ಟರೆ ಗಾಲಿಕುರ್ಚಿ ಸಲೀಸಾಗಿ ಏರುತ್ತದೆ. ಮೆಟ್ಟಿಲು ಹತ್ತಲಾರದ್ದಕ್ಕೇ ಹುಡುಗನ ಓದು ನಿಂತರೆ ತಪ್ಪು ಅವನದಲ್ಲ, ಮೆಟ್ಟಿಲಿನದು.

5. ಗ್ರಾಮಸಭೆಗೆ ಅವರನ್ನು ಕರೆಯಿರಿ. ಅವರ ವಿಷಯ ಬಂದಾಗ ಮಾತ್ರವಲ್ಲ. ರಸ್ತೆ, ಕುಡಿಯುವ ನೀರು, ಬೆಳೆವಿಮೆಯ ಮಾತು ಬಂದಾಗಲೂ ಅವರ ಅಭಿಪ್ರಾಯ ಕೇಳಿರಿ.

ಬರಡೆಂದು ಬಿಟ್ಟ ನೆಲದಲ್ಲಿ ಏನು ಬೆಳೆದೀತೆಂದು ಮಣ್ಣು ಪರೀಕ್ಷೆ ಮಾಡಿಸದೆ ಹೇಳಲಾಗದು. ಮಣ್ಣಿಗೆ ತಕ್ಕ ಬೀಜ ಹಾಕುವುದು ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ಅದೇ ವಿವೇಕವನ್ನು ಮನೆಯ ಮಕ್ಕಳ ವಿಷಯದಲ್ಲಿಯೂ ತೋರಿಸೋಣ. ನಿಮ್ಮ ಊರಿನಲ್ಲಿ ಇಂಥವರು ಯಾರಿದ್ದಾರೆ, ಅವರು ಏನು ಬಲ್ಲರು ಎಂಬುದನ್ನು ಮುಂದಿನ ಗ್ರಾಮಸಭೆಯೊಳಗೆ ವಿಚಾರಿಸಿ ತಿಳಿದುಕೊಳ್ಳಿರಿ.